ಮೂರರಲ್ಲೊಂದು, ಆರರಲ್ಲೊಂದು

ಹದಿನೇಳನೆಯ ಶತಮಾನದ ಕನ್ನಡ ನಾಡಿನಲ್ಲಿ ಒಬ್ಬ ಅರಸ ಬೆಳೆಯ ಮೂರರಲ್ಲೊಂದು ಪಾಲನ್ನು ಕೇಳಿದ. ಇನ್ನೊಬ್ಬ ಆರರಲ್ಲೊಂದನ್ನು ಕೇಳಿದ. ಮೂರರಲ್ಲೊಂದು ಕೇಳಿದವನನ್ನು ಮಲೆನಾಡು ಇಂದಿಗೂ ಮೆಚ್ಚಿ ನೆನೆಯುತ್ತದೆ. ಆರರಲ್ಲೊಂದು ಕೇಳಿದವನ ಕಾಲದಲ್ಲಿ ಊರೂರಿನ ರೈತರು ನೇಗಿಲನ್ನು ತಲೆಕೆಳಗು ಮಾಡಿ ಊರಬಾಗಿಲ ಮರಕ್ಕೆ ತೂಗುಹಾಕಿ, ಇನ್ನು ಉಳುವುದಿಲ್ಲ ಎಂದು ಹೊರಟುಬಿಟ್ಟರು.

ಮೊದಲನೆಯವನು ಕೆಳದಿಯ ಶಿವಪ್ಪನಾಯಕ. 1645ರಿಂದ 1660ರವರೆಗೆ ಬಿದನೂರಿನಿಂದ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ ಆಳಿದವನು. ಎರಡನೆಯವನು ಮೈಸೂರಿನ ಚಿಕ್ಕದೇವರಾಜ ಒಡೆಯ. 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ಆಳಿದವನು. ಇಬ್ಬರೂ ಸಮರ್ಥರು, ಇಬ್ಬರೂ ಗಡಿ ವಿಸ್ತರಿಸಿದವರು, ಇಬ್ಬರೂ ಲೆಕ್ಕದಲ್ಲಿ ಬಿಗಿ. ಹಾಗಿದ್ದೂ ದುಪ್ಪಟ್ಟು ಪಾಲು ಪಡೆದವನಿಗೆ ಒಳ್ಳೆಯ ಹೆಸರು ಉಳಿದು, ಅರ್ಧಕ್ಕೆ ನಿಂತವನಿಗೆ ದಂಗೆ ಎದುರಾದದ್ದೇಕೆ? ಆ ಕಾಲದ ರಾಜ್ಯಾಡಳಿತದ ಬಗ್ಗೆ ಓದುವಾಗಲೆಲ್ಲ ನಾನು ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆ. ಯಾವ ಕೋಟೆ ಯಾರ ಕೈಸೇರಿತು ಎಂಬುದಕ್ಕಿಂತ ಇದು ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಆದದ್ದು ಬರಿಯ ಪತನವಲ್ಲ. ಚಕ್ರವರ್ತಿಯ ಹೆಸರಿನಲ್ಲಿ ಸೀಮೆಗಳನ್ನು ನೋಡಿಕೊಳ್ಳುತ್ತಿದ್ದ ನಾಯಕರು, ಒಡೆಯರು, ಪಾಳೆಯಗಾರರು ಒಬ್ಬೊಬ್ಬರಾಗಿ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಕೆಲವರು ಪೆನುಗೊಂಡೆಗೆ, ಆಮೇಲೆ ಚಂದ್ರಗಿರಿಗೆ ಸರಿದಿದ್ದ ರಾಯರ ಹೆಸರನ್ನು ಶಾಸನಗಳಲ್ಲಿ ಬಹಳ ಕಾಲ ಕೆತ್ತಿಸುತ್ತಲೇ ಇದ್ದರು. 1610ರಲ್ಲಿ ರಾಜ ಒಡೆಯ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ಅಲ್ಲಿಂದ ತೆರಳಿದವನು ವಿಜಯನಗರದ ಪ್ರತಿನಿಧಿಯೇ. ಅತ್ತ ಕೆಳದಿಯವರ ಆಗಿನ ರಾಜಧಾನಿ ಇಕ್ಕೇರಿಯಲ್ಲಿ ವೆಂಕಟಪ್ಪನಾಯಕ ಕಾಳುಮೆಣಸಿನ ವ್ಯಾಪಾರದ ಮೇಲೆ ಹಿಡಿತ ಸಾಧಿಸಿ ಪೋರ್ಚುಗೀಸರೊಡನೆ ಸರಿಸಮನಾಗಿ ಮಾತಾಡುತ್ತಿದ್ದ. 1623ರಲ್ಲಿ ಅವನ ಆಸ್ಥಾನಕ್ಕೆ ಹೋದ ಪೋರ್ಚುಗೀಸ್ ನಿಯೋಗದ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯೂ ಇದ್ದ.

ಸ್ವತಂತ್ರ ಅರಸನಿಗೆ ಹಿಂದಿನ ನಾಯಕನಿಗಿಂತ ಹೆಚ್ಚು ನಗದು ಬೇಕು. ಬಂದೂಕು, ಮದ್ದು, ಸಮುದ್ರದ ಮೇಲಿಂದ ಬರುವ ಕುದುರೆ, ತಿಂಗಳ ಸಂಬಳದ ಸಿಪಾಯಿ, ಕಲ್ಲುಕೋಟೆ, ಬಿಜಾಪುರದವರು ಬಂದರೆ ಕೊಟ್ಟು ಕಳಿಸಲು ಪೇಷ್ಕಷ್ ಎಂಬ ಕಪ್ಪ, ಎಲ್ಲಕ್ಕೂ ವರಹವೇ ಆಗಬೇಕು. 1637ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಇಕ್ಕೇರಿಗೇ ನುಗ್ಗಿದ ಮೇಲೆ ಕೆಳದಿಯವರು ರಾಜಧಾನಿಯನ್ನು ಬಿದನೂರಿನ ಕಾಡಿಗೆ ಸಾಗಿಸಿದರು. ಆ ಏಟಿನ ನೆನಪು ಹಸಿಯಾಗಿದ್ದಾಗಲೇ ಶಿವಪ್ಪನಾಯಕ ಪಟ್ಟಕ್ಕೆ ಬಂದದ್ದು. ಬಂದ ಬಗೆಯೂ ತಕರಾರಿಲ್ಲದ್ದಲ್ಲ. ಅಣ್ಣನ ಮಗ ವೀರಭದ್ರನಾಯಕನ ನಂತರ ಚಿಕ್ಕಪ್ಪ ಗದ್ದುಗೆ ಏರಿದ್ದರ ಸುತ್ತ ಅನುಮಾನದ ಮಾತುಗಳು ಆಗಲೂ ಇದ್ದವು.

ಅವನ ಶಿಸ್ತಿನ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಶಿಸ್ತು ಎಂದರೆ ಭೂಕಂದಾಯದ ನಿಗದಿ. ಮಲೆನಾಡಿನ ಮನೆಗಳಲ್ಲಿ ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಇಂದಿಗೂ ಬರುತ್ತದೆ; ಹೇಳುವವರಿಗೆ ಅದರ ಹಿಂದಿನ ಕೆಲಸ ಗೊತ್ತಿರುವುದು ಅಪರೂಪ. ಸರ್ಕಾರಿ ದಾಖಲೆಗಳಲ್ಲಿ ಉಳಿದು ಬಂದ ವಿವರ ಹೀಗಿದೆ. ಪ್ರತಿ ಊರಿನಲ್ಲಿ ಪ್ರತಿ ಬಗೆಯ ನೆಲದಲ್ಲೂ ಒಂದೊಂದು ಗದ್ದೆಯನ್ನು ಆರಿಸಿ ಸರ್ಕಾರದ ಲೆಕ್ಕದಲ್ಲೇ ಸಾಗುವಳಿ ಮಾಡಿಸಿದರು. ಬಿತ್ತಿದ ಬೀಜ ಎಷ್ಟು, ಆಳಿನ ಖರ್ಚು ಎಷ್ಟು, ಬಂದ ಭತ್ತ ಎಷ್ಟು, ಅದರ ಬೆಲೆ ಎಷ್ಟು ಎಂದು ಬರೆದಿಟ್ಟರು. ಒಂದು ವರ್ಷ, ಎರಡು ವರ್ಷ ಅಲ್ಲ, ಹನ್ನೆರಡು ವರ್ಷ. ಆಮೇಲೆ ಇಳುವರಿಯ ಸರಾಸರಿ ತೆಗೆದು, ಬೆಲೆಯ ಸರಾಸರಿ ತೆಗೆದು, ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ನೆಲವನ್ನು ಐದು ತರ ಮಾಡಿ, ಒಟ್ಟು ಬೆಳೆಯ ಮೂರರಲ್ಲೊಂದು ಪಾಲಿನ ಬೆಲೆಯನ್ನು ನಗದು ಕಂದಾಯವಾಗಿ ನಿಗದಿಪಡಿಸಿದರು.

ಹದಿನೈದು ವರ್ಷ ಆಳಿದ ಅರಸನೊಬ್ಬ ಹನ್ನೆರಡು ವರ್ಷವನ್ನು ಗದ್ದೆಯ ಲೆಕ್ಕ ನೋಡುವುದರಲ್ಲಿ ಕಳೆದ ಎಂದರೆ ಏನರ್ಥ? ತನ್ನ ಆಳ್ವಿಕೆಯ ಬಹುಪಾಲು ಕಾಲ ಅವನು ಉತ್ತರಕ್ಕಾಗಿ ಕಾದ. ಆ ನಡುವೆ ಅವನೇನೂ ಸುಮ್ಮನೆ ಕೂತಿರಲಿಲ್ಲ. 1652ರಿಂದ 1654ರ ಒಳಗೆ ಬಸರೂರು, ಮಂಗಳೂರು, ಹೊನ್ನಾವರದ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ನೆಲೆ ಕಳೆದುಕೊಂಡಿದ್ದ ವಿಜಯನಗರದ ಕೊನೆಯ ಅರಸ ಶ್ರೀರಂಗನಿಗೆ ಆಶ್ರಯ ಕೊಟ್ಟ, ಅವನ ಪರವಾಗಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಸೋತು ಬಂದ. ಯುದ್ಧಕ್ಕೆ ಹಣ ಬೇಕಾಗಿದ್ದ ಈ ವರ್ಷಗಳಲ್ಲೇ ಗದ್ದೆಗಳ ಲೆಕ್ಕವೂ ಸಾಗಿತ್ತು. ಮಳೆ ಹೆಚ್ಚಾದ ವರ್ಷ, ತೆನೆ ಜೊಳ್ಳಾದ ವರ್ಷ, ಗೋವೆಯ ಕಡೆ ಅಕ್ಕಿಗೆ ಬೆಲೆ ಏರಿದ ವರ್ಷ, ಬಿದ್ದ ವರ್ಷ, ಎಲ್ಲವೂ ಆ ಹನ್ನೆರಡರಲ್ಲಿ ಸೇರಿದವು. ಮಲೆನಾಡಿನಲ್ಲಿ ಒಂದು ಮಳೆಗಾಲದಂತೆ ಇನ್ನೊಂದು ಇರುವುದಿಲ್ಲ. ಒಂದೇ ವರ್ಷದ ಬೆಳೆ ನೋಡಿ ದರ ಕಟ್ಟಿದ್ದರೆ ಅದು ರೈತನಿಗೋ ಬೊಕ್ಕಸಕ್ಕೋ ಅನ್ಯಾಯವಾಗುತ್ತಿತ್ತು.

ಇಂಥದ್ದು ಹೊಸದೇ? 1580ರಲ್ಲಿ ಅಕ್ಬರನ ಆಡಳಿತ ಹತ್ತು ವರ್ಷಗಳ ಇಳುವರಿ ಮತ್ತು ಬೆಲೆಯ ಸರಾಸರಿಯ ಮೇಲೆ ಮೂರರಲ್ಲೊಂದು ಪಾಲನ್ನು ಗೊತ್ತುಮಾಡಿತ್ತು. ಆ ಪದ್ಧತಿಯ ಸುದ್ದಿ ದಖ್ಖನಿನ ಸುಲ್ತಾನರ ಮೂಲಕ ಬಿದನೂರಿಗೂ ಬಂದಿರಬಹುದು. ಬಂದಿದ್ದರೂ ಶಿವಪ್ಪನಾಯಕನ ಹಿರಿಮೆ ಕುಂದುವುದಿಲ್ಲ. ಬಯಲುಸೀಮೆಯ ದೊಡ್ಡ ಸಾಮ್ರಾಜ್ಯವೊಂದು ಮಾಡಿದ ಕೆಲಸವನ್ನು ಹಳ್ಳ, ಕೊಳ್ಳ, ಬ್ಯಾಣ, ಕಾಡುಗಳ ನಡುವೆ ಚೂರುಚೂರಾಗಿ ಹರಡಿದ ಗದ್ದೆಗಳಲ್ಲಿ ಮಾಡುವುದು ಬೇರೆಯೇ ಶ್ರಮ.

ಅಡಿಕೆ ತೋಟದ ಅಳತೆ ನನಗೆ ಇನ್ನೂ ಪ್ರಿಯವಾದ ಸಂಗತಿ. ಗದ್ದೆಯನ್ನು ಬೀಜದ ಲೆಕ್ಕದಲ್ಲಿ ಹೇಳಬಹುದು, ತೋಟವನ್ನು ಹಾಗೆ ಹೇಳಲಾಗದು. ಅದಕ್ಕೆ ಒಂದು ಕೋಲು ಗೊತ್ತಾಯಿತು. ಇಂಗ್ಲಿಷ್ ಅಳತೆಯಲ್ಲಿ 18 ಅಡಿ 6 ಅಂಗುಲ. ಈ ಅಳತೆಗೆ ದಾಯ ಎಂದು ಹೆಸರು, ಒಂದು ಮರಕ್ಕೆ ಬಿಟ್ಟ ಜಾಗ. ಅದರ ಮೂಲಮಾನ ಇದ್ದದ್ದು ಸಾಗರ ಪಟ್ಟಣದ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ. ಅಲ್ಲಿನ ಕಲ್ಲಿನ ಮೆಟ್ಟಿಲಿನ ಉದ್ದವೇ ಆ ಕೋಲು ಎಂದು ಒಂದು ಹೇಳಿಕೆ, ನಡುವಣ ಕಂಬಗಳ ಅಂತರ ಎಂದು ಇನ್ನೊಂದು. ಎರಡರಲ್ಲಿ ಯಾವುದಾದರೂ ಆಗಲಿ, ಅಳತೆಗೋಲು ಅರಮನೆಯ ಬೀಗದ ಕೋಣೆಯಲ್ಲಿ ಇರಲಿಲ್ಲ. ಯಾರು ಬೇಕಾದರೂ ಕೈಮುಗಿಯಲು ಹೋಗುವ ಜಾಗದಲ್ಲಿ, ಸವೆಯದ ಕಲ್ಲಿನಲ್ಲಿ ಇತ್ತು. ಅಳೆಯಲು ಬಂದವನ ಕೋಲು ಗಿಡ್ಡವಾಗಿದೆ ಎಂದು ಅನುಮಾನ ಬಂದ ತೋಟದವನು ಇಕ್ಕೇರಿಗೆ ನಡೆದು ಹೋಗಿ ಹಗ್ಗ ಹಿಡಿದು ನೋಡಬಹುದಿತ್ತು. ಹಾಗೆ ಹೋದವರಿದ್ದರೇ ಎಂಬುದು ಬೇರೆ ಮಾತು. ಹೋಗಲು ಸಾಧ್ಯವಿತ್ತು ಎಂಬುದೇ ಅಧಿಕಾರಿಯ ಕೈಯನ್ನು ಸ್ವಲ್ಪ ಕಟ್ಟಿರುತ್ತದೆ. (ಈಗ ನಾವು ಒಂಬತ್ತು ಅಡಿಗೊಂದು ಸಸಿ ನೆಡುತ್ತೇವೆ. ಒಂದು ದಾಯದ ಚೌಕದಲ್ಲಿ ಇಂದು ನಾಲ್ಕು ಮರ ನಿಲ್ಲುತ್ತವೆ.)

ಇಂಥ ಸಾವಿರ ದಾಯಕ್ಕೆ ನೆಲದ ಗುಣ ನೋಡಿ 7ರಿಂದ 25 ಬಹದ್ದೂರಿ ವರಹದವರೆಗೆ ಶಿಸ್ತು. ಬಹದ್ದೂರಿ ವರಹ ಹೈದರ್ ಅಲಿ ಟಂಕಿಸಿದ ನಾಣ್ಯ. ಅಂದರೆ ಶಿವಪ್ಪನಾಯಕನ ದರ ನಮಗೆ ತಲುಪಿರುವುದು ಅವನು ಸತ್ತು ನೂರು ವರ್ಷಗಳಾದ ಮೇಲೆ ಅವನ ರಾಜ್ಯವನ್ನೇ ನುಂಗಿದವನ ನಾಣ್ಯದ ಲೆಕ್ಕದಲ್ಲಿ. ವಂಶ ಹೋಯಿತು, ರಾಜಧಾನಿಯ ಹೆಸರು ಹೋಯಿತು, ನಾಣ್ಯ ಬದಲಾಯಿತು, ಶಿಸ್ತು ಉಳಿಯಿತು.

ಅದೇ ಇಕ್ಕೇರಿ ದೇವಸ್ಥಾನದ ನೆಲಹಾಸಿನಲ್ಲಿ ಗರ್ಭಗುಡಿಗೆ ಎದುರಾಗಿ ಅಡ್ಡಬಿದ್ದ ಮೂವರು ಕೆಳದಿ ಅರಸರ ಉಬ್ಬುಚಿತ್ರಗಳಿವೆ. ಒಬ್ಬೊಬ್ಬರ ಮೇಲೂ ಹೆಸರು ಕೆತ್ತಿದೆ. ಅವರಲ್ಲಿ ಹುಚ್ಚ ಸೋಮಶೇಖರನೆಂಬ ನಾಯಕನ ಕೈಕಾಲುಗಳಿಗೆ ಸಂಕೋಲೆ. ಒಬ್ಬ ಅರಸನನ್ನು ಸಂಕೋಲೆಯೊಂದಿಗೇ ಕಲ್ಲಿನಲ್ಲಿ ಬಿಡಿಸಿ ಅಲ್ಲಿರಿಸಿದ ಜನರ ಬಗ್ಗೆ ನನಗೆ ಗೌರವವಿದೆ. 1671ರಲ್ಲಿ ಸೋಮಶೇಖರನಾಯಕ ಕೊಲೆಯಾದಾಗ ಅವನ ರಾಣಿ ಚೆನ್ನಮ್ಮಾಜಿ ಆಡಳಿತವನ್ನು ಕೈಗೆತ್ತಿಕೊಂಡು ಸುಮಾರು ಇಪ್ಪತ್ತೈದು ವರ್ಷ ನಡೆಸಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ದಾರಿ ಬಿಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ್ದೂ ಆಕೆಯೇ. ಅರಸನ ಬುದ್ಧಿ ಕೆಟ್ಟರೂ ರಾಜ್ಯದ ಲೆಕ್ಕ ಕೆಡಲಿಲ್ಲ. ಆಳುವವರು ಯಾರೇ ಇರಲಿ, ಊರಿನ ಶಾನುಭೋಗನ ಕಡತದಲ್ಲಿ ಈ ಗದ್ದೆಗೆ ಇಷ್ಟು ಎಂದು ಬರೆದಿತ್ತು. ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದ ಆ ಕಪ್ಪು ಪುಸ್ತಕಗಳೇ ಆ ಕಾಲದ ನಿಜವಾದ ಸಿಂಹಾಸನ ಎನ್ನಬೇಕು.

ಈಗ ಮೈಸೂರಿಗೆ ಬರೋಣ.

ಚಿಕ್ಕದೇವರಾಜ ಒಡೆಯ ಸಣ್ಣ ಮನುಷ್ಯನಲ್ಲ. ಮರಾಠರು, ಮೊಗಲರು ಎರಡೂ ಕಡೆ ಒತ್ತುತ್ತಿದ್ದ ಕಾಲದಲ್ಲಿ ರಾಜ್ಯವನ್ನು ಉಳಿಸಿದ್ದಲ್ಲದೆ ಬೆಳೆಸಿದ. 1687ರಲ್ಲಿ ಬೆಂಗಳೂರು ಮೂರು ಲಕ್ಷ ರೂಪಾಯಿಗೆ ಅವನ ಕೈಸೇರಿತು. ಅವನ ಹೆಸರಿನ ಚಿಕ್ಕದೇವರಾಯಸಾಗರ ನಾಲೆ ಶ್ರೀರಂಗಪಟ್ಟಣದ ಸುತ್ತಿನ ಗದ್ದೆಗಳಿಗೆ ಇಂದಿಗೂ ನೀರು ಹರಿಸುತ್ತದೆ. ಅವನ ಆಸ್ಥಾನದಲ್ಲಿ ಕನ್ನಡ ಸಾಹಿತ್ಯ ಹೊಸ ಜೀವ ಪಡೆಯಿತು. ಆಡಳಿತ ಪದ್ಧತಿಯನ್ನು ನೋಡುವವರಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಅಠಾರ ಕಚೇರಿ, ಅಂದರೆ ಹದಿನೆಂಟು ಚಾವಡಿಗಳು. ಔರಂಗಜೇಬನ ಬಳಿಗೆ ಹೋಗಿದ್ದ ಮೈಸೂರಿನ ನಿಯೋಗ 1700ರಲ್ಲಿ ಮರಳಿ ಬಂದ ಮೇಲೆ, ಮೊಗಲರ ಮಾದರಿಯನ್ನು ನೋಡಿ ಇವನ್ನು ಏರ್ಪಡಿಸಿದ ಎನ್ನುತ್ತಾರೆ.

ಆ ಚಾವಡಿಗಳ ಹೆಸರುಗಳನ್ನು ಓದುವುದೇ ಒಂದು ಸಂತೋಷ. ಅರ್ಜಿ ಮತ್ತು ಅಪ್ಪಣೆಗಳಿಗೆ ನಿರೂಪದ ಚಾವಡಿ. ಕಂದಾಯ ಮತ್ತು ಸೈನ್ಯದ ಲೆಕ್ಕಕ್ಕೆ ಆಯಕಟ್ಟಿನ ಚಾವಡಿ. ಕಾವೇರಿಯ ಒಂದು ದಡಕ್ಕೆ ಮೈಸೂರು ಹೋಬಳಿಯ ವಿಚಾರದ ಚಾವಡಿ, ಇನ್ನೊಂದು ದಡಕ್ಕೆ ಪಟ್ಟಣ ಹೋಬಳಿಯದು. ಸೀಮೆಯ ಕಂದಾಚಾರ, ಬಾಗಿಲ ಕಂದಾಚಾರ ಎಂದು ಹೊರಗಿನ ಮತ್ತು ಅರಮನೆಯ ಪಡೆಗಳಿಗೆ ಬೇರೆ ಬೇರೆ. ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ. ಅರಮನೆಯ ಹಸುಗಳಿಗೆ ಬೆಣ್ಣೆ ಚಾವಡಿ. ಮುಂದೆ ಟಿಪ್ಪು ಇದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ, ಅದೇ ಹೆಸರಿನ ತಳಿ ನಮ್ಮಲ್ಲಿ ಇನ್ನೂ ಇದೆ. ಬೇಹಿನ ಚಾವಡಿ ಅಂಚೆಯನ್ನೂ ಸಾಗಿಸುತ್ತಿತ್ತು, ಗುಟ್ಟಿನ ಸುದ್ದಿಯನ್ನೂ ತರುತ್ತಿತ್ತು. ಓಲೆ ಒಯ್ಯುವವನೇ ಊರಿನಲ್ಲಿ ಯಾರು ಏನು ಮಾತಾಡಿದರೆಂದು ಒಪ್ಪಿಸುತ್ತಿದ್ದ.

ಇಷ್ಟು ಸ್ಪಷ್ಟವಾಗಿ ಕೆಲಸ ಹಂಚಿಕೊಂಡ ಆಡಳಿತ ಆಗಿನ ದಕ್ಷಿಣದಲ್ಲಿ ವಿರಳ. ಅದರ ಬಲ ತಿಳಿಯಲು ಅವನ ನಂತರದ ಕಾಲವನ್ನು ನೋಡಬೇಕು. ಅವನ ಮಗ ಎರಡನೆಯ ಕಂಠೀರವ ನರಸರಾಜನಿಗೆ ಮಾತು ಬಾರದು, ಕಿವಿ ಕೇಳದು. ಜನ ಅವನನ್ನು ಮೂಕರಸು ಎಂದರು. ಆಮೇಲೆ ದಳವಾಯಿಗಳು ಅರಸರನ್ನು ಮೂಲೆಗೆ ಕೂರಿಸಿದರು. ಹಾಗಿದ್ದೂ ಮೈಸೂರು ಚದುರಲಿಲ್ಲ. ಚಾವಡಿಗಳು ಕೆಲಸ ಮಾಡುತ್ತಲೇ ಇದ್ದವು. 1761ರಲ್ಲಿ ಹೈದರ್ ಅಲಿಗೆ ಸಿಕ್ಕಿದ್ದು ಸಿದ್ಧವಾಗಿ ನಡೆಯುತ್ತಿದ್ದ ಒಂದು ಆಡಳಿತ.

ಆದರೆ ಹಣ? 1810ರಲ್ಲಿ ಮೈಸೂರಿನ ಇತಿಹಾಸವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲೇ ಕಂಪನಿಯ ರೆಸಿಡೆಂಟನಾಗಿದ್ದವನು. ಚಿಕ್ಕದೇವರಾಜ ದಿನವೂ ಸಾವಿರ ವರಹದ ಎರಡು ಚೀಲಗಳನ್ನು ಬೊಕ್ಕಸಕ್ಕೆ ಸೇರಿಸದೆ ಬೆಳಗಿನ ಊಟ ಮಾಡುತ್ತಿರಲಿಲ್ಲ ಎಂದು ಅವನು ಬರೆಯುತ್ತಾನೆ. ಸೀಮೆಯಿಂದ ಹಣ ಬರುವುದು ತಡವಾದರೆ ಅರಸನ ಊಟವೂ ತಡ. ಇದನ್ನು ಬಲ್ಲ ಅಧಿಕಾರಿಗಳು ತಡಮಾಡುತ್ತಿರಲಿಲ್ಲ. ನವಕೋಟಿ ನಾರಾಯಣ ಎಂಬ ಬಿರುದು ಹೀಗೆ ಕೂಡಿಟ್ಟ ಹಣಕ್ಕೆ ಬಂದದ್ದು.

ಶಾಸ್ತ್ರ ಹೇಳಿದ ಅರಸನ ಪಾಲು ಆರರಲ್ಲೊಂದು, ಷಡ್ಭಾಗ. ಮೈಸೂರಿನಲ್ಲಿ ಕಂದಾಯ ಅದೇ ಲೆಕ್ಕದಲ್ಲಿತ್ತು. ಖರ್ಚು ಮಾತ್ರ ಆರರಲ್ಲೊಂದರೊಳಗೆ ಹಿಡಿಸುತ್ತಿರಲಿಲ್ಲ. ಷಡ್ಭಾಗವನ್ನು ನೇರವಾಗಿ ಏರಿಸಿದರೆ ಧರ್ಮ ಮೀರಿದ ಅರಸ ಎಂಬ ಅಪವಾದ. ಚಿಕ್ಕದೇವರಾಜ ಆ ಅಪವಾದವನ್ನು ಹೊರಲು ಒಪ್ಪಲಿಲ್ಲ. ಅದರ ಬದಲು ಸಣ್ಣಪುಟ್ಟ ತೆರಿಗೆಗಳನ್ನು ಸುತ್ತಲೂ ಕಟ್ಟಿದ. ಮನೆಗೊಂದು, ಮದುವೆಗೊಂದು. ಕಂದಾಯ ಕೊಟ್ಟ ನೆಲದಲ್ಲೇ ಬೆಳೆದ ಹುಲ್ಲಿಗೆ, ಸರ್ಕಾರದ ಕುದುರೆಗಳ ನೆಪದಲ್ಲಿ, ಇನ್ನೊಂದು. ಸವೆದ ನಾಣ್ಯ ಕೊಟ್ಟರೆ ವಟ್ಟದ ಹೆಸರಿನಲ್ಲಿ ಮತ್ತೊಂದು. ಈ ಕಾಟದಿಂದ ಬೇಸತ್ತ ರೈತ, ಇವನ್ನೆಲ್ಲ ತೆಗೆದುಹಾಕಿ ಕಂದಾಯವನ್ನೇ ಏರಿಸಿ ಸ್ವಾಮಿ ಎಂದು ತಾನಾಗಿ ಬೇಡಿಕೊಳ್ಳಲಿ ಎಂಬುದು ಲೆಕ್ಕಾಚಾರ ಎಂದು ವಿಲ್ಕ್ಸ್ ವಿವರಿಸುತ್ತಾನೆ. ಷಡ್ಭಾಗದ ಮರ್ಯಾದೆಯೂ ಉಳಿಯಬೇಕು, ಬೊಕ್ಕಸವೂ ತುಂಬಬೇಕು, ಏರಿಕೆಯ ಪಾಪ ಬೇಡಿಕೊಂಡವನ ತಲೆಗೆ ಬರಬೇಕು.

ರೈತ ಬೇಡಿಕೊಳ್ಳಲಿಲ್ಲ. ನೇಗಿಲನ್ನು ಮರಕ್ಕೆ ತೂಗಿದ.

1680ರ ದಶಕದ ಆ ದಂಗೆಯನ್ನು ಓದುವಾಗ ನನ್ನನ್ನು ತಡೆದು ನಿಲ್ಲಿಸುವುದು ಆ ತಲೆಕೆಳಗಾದ ನೇಗಿಲು. ಊರ ಬಾಗಿಲಿನ ಮರ ಎಂದರೆ ಊರವರು ಸಂಜೆ ಕೂತು ಮಾತಾಡುವ ಕಟ್ಟೆ, ಪಂಚಾಯಿತಿ ಸೇರುವ ಜಾಗ, ಹೊರಗಿನಿಂದ ಬಂದವನ ಕಣ್ಣಿಗೆ ಮೊದಲು ಬೀಳುವ ಗುರುತು. ಅಲ್ಲಿ ನೇಗಿಲು ತೂಗಿದರೆ ಅಮಲ್ದಾರನಿಗೆ ಬೇರೆ ಮಾತು ಬೇಕಿಲ್ಲ. ಕೆಲವರು ಗುಳೆ ಹೋಗುವವರಂತೆ ಗಂಟುಮೂಟೆ ಕಟ್ಟಿಕೊಂಡು ಗುಂಪುಗೂಡಿದರು, ಕೆಲವರು ಸೇಡಿಗೆ ನಿಂತರು. ಜಂಗಮರು ಅವರ ಬೆನ್ನಿಗಿದ್ದರು. ಅರಸ ಮಾತುಕತೆಗೆಂದು ಜಂಗಮರನ್ನು ನಂಜನಗೂಡಿಗೆ ಕರೆಸಿ, ನಾಲ್ಕು ನೂರಕ್ಕೂ ಹೆಚ್ಚು ಜನರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ತಲೆ ಕಡಿಸಿದ. ಅದೇ ದಿನ ರಾಜ್ಯದಲ್ಲಿ ಏಳು ನೂರಕ್ಕೂ ಹೆಚ್ಚು ಮಠಗಳನ್ನು ಕೆಡವಿಸಿದ ಎಂದು ವಿಲ್ಕ್ಸ್ ಬರೆದಿದ್ದಾನೆ. ಈ ವೃತ್ತಾಂತವನ್ನು ಉತ್ಪ್ರೇಕ್ಷೆ ಎನ್ನುವ ಇತಿಹಾಸಕಾರರಿದ್ದಾರೆ. ಘಟನೆ ನಡೆದು ನೂರು ವರ್ಷಗಳ ಮೇಲೆ ಕೇಳಿ ಬರೆದದ್ದು ಅದು, ಬರೆದವನು ಕಂಪನಿಯ ಅಧಿಕಾರಿ. ಸಂಖ್ಯೆಗಳನ್ನು ನಾನೂ ಎಚ್ಚರದಿಂದಲೇ ಓದುತ್ತೇನೆ. ದಂಗೆ ನಡೆಯಿತು, ಅದನ್ನು ರಕ್ತದಲ್ಲಿ ಅಡಗಿಸಲಾಯಿತು ಎಂಬ ನೆನಪು ಮಾತ್ರ ಸುಳ್ಳಲ್ಲ. ಈ ತೆರಿಗೆಗಳ ಹಿಂದೆ ಇದ್ದನೆಂದು ಜನ ನಂಬಿದ್ದ ಮಂತ್ರಿ ವಿಶಾಲಾಕ್ಷ ಪಂಡಿತ 1686ರಲ್ಲಿ ಕೊಲೆಯಾದ. ಅವನ ಜಾಗಕ್ಕೆ ತಿರುಮಲಾರ್ಯ ಬಂದ.

ಮೂರರಲ್ಲೊಂದು ಹೇಗೆ ಹಗುರವಾಯಿತು, ಆರರಲ್ಲೊಂದು ಹೇಗೆ ಭಾರವಾಯಿತು ಎಂಬುದಕ್ಕೆ ನನ್ನ ಉತ್ತರ ಇಷ್ಟು. ರೈತನಿಗೆ ತನ್ನ ಪಾಲಿನ ಕೊಡುವಿಕೆ ಎಷ್ಟೆಂದು ಬಿತ್ತುವ ಮುಂಚೆ ತಿಳಿದಿದ್ದರೆ ಅವನು ಅದರ ಸುತ್ತ ಬದುಕು ಕಟ್ಟಿಕೊಳ್ಳಬಲ್ಲ. ಕೆಳದಿಯ ಶಿಸ್ತು ನಗದಿನಲ್ಲಿ ನಿಗದಿಯಾಗಿತ್ತು. ಬೆಳೆ ಹೆಚ್ಚಾದರೆ ಹೆಚ್ಚಿನದು ಅವನದೇ. ಗದ್ದೆಗೆ ಗೊಬ್ಬರ ಹೊತ್ತವನಿಗೆ, ತೋಟಕ್ಕೆ ಮಣ್ಣು ಹಾಕಿಸಿದವನಿಗೆ ಅದರ ಫಲ ಉಳಿಯುತ್ತಿತ್ತು. ಕರಾವಳಿಯ ಬಂದರುಗಳಿಂದ ಅಕ್ಕಿ, ಮೆಣಸು ಹೊರಗೆ ಹೋಗುತ್ತಿದ್ದುದರಿಂದ ಕಂದಾಯಕ್ಕೆ ಬೇಕಾದ ವರಹವೂ ಕೈಗೆ ಬರುತ್ತಿತ್ತು. ಮೈಸೂರಿನ ಆರರಲ್ಲೊಂದು ಕಾಗದದ ಮೇಲಿನ ಪಾಲು. ಅದರ ಹೊರಗೆ ಎಷ್ಟು ಬಾಗಿಲುಗಳಿವೆ, ಯಾವ ಬಾಗಿಲಿನಿಂದ ನಾಳೆ ಯಾರು ಬಂದು ಕೈಚಾಚುತ್ತಾರೆ ಎಂಬುದು ರೈತನಿಗೆ ತಿಳಿಯದು. ತಿಳಿಯದ ತೆರಿಗೆ ತೂಕದಲ್ಲಿ ಸಣ್ಣದಾದರೂ ಮನುಷ್ಯನನ್ನು ಕುಗ್ಗಿಸುತ್ತದೆ, ಏಕೆಂದರೆ ಅದನ್ನು ತರುವವನ ಮರ್ಜಿಗೆ ಅವನು ಪ್ರತಿದಿನ ಬಾಗಬೇಕಾಗುತ್ತದೆ.

ಇಬ್ಬರು ಅರಸರ ಸ್ವಭಾವದ ವ್ಯತ್ಯಾಸವಷ್ಟೇ ಇದು ಎಂದು ನಾನು ಹೇಳಲಾರೆ. ಮೈಸೂರಿಗೆ ಬಂದರುಗಳಿರಲಿಲ್ಲ. ಮೆಣಸಿನ ಹಣ ಇರಲಿಲ್ಲ. ಮರಾಠರ ಕುದುರೆಗಳು ಬಯಲಿನಲ್ಲಿ ನೇರವಾಗಿ ನುಗ್ಗಿ ಬರಬಹುದಿತ್ತು, ಬಿದನೂರಿನ ಕಾಡು ಕಣಿವೆಗಳ ರಕ್ಷಣೆ ಅದಕ್ಕಿರಲಿಲ್ಲ. ಚಿಕ್ಕದೇವರಾಜನ ಅವಸರಕ್ಕೆ ಕಾರಣಗಳಿದ್ದವು. ಅವಸರಕ್ಕೆ ಕಾರಣವಿದ್ದ ಮಾತ್ರಕ್ಕೆ ಕ್ರೌರ್ಯ ಸರಿಯಾಗುವುದಿಲ್ಲ, ಅಷ್ಟೆ.

ಕೆಳದಿಯ ಕಥೆಯೂ ಮುಂದೆ ಕಲೆಯಿಲ್ಲದೆ ಉಳಿಯಲಿಲ್ಲ. ನಂತರದವರು ದಾಸೋಹದ ಹೆಸರಿನಲ್ಲಿ ವರಹಕ್ಕೆ ಒಂದು ಆಣೆ ಸೇರಿಸಿದರು, ಆಮೇಲೆ ಬೇರೆ ಪಟ್ಟಿಗಳನ್ನು ಸೇರಿಸಿದರು. ಆದರೂ ಪ್ರತಿ ಸೇರ್ಪಡೆ ಶಿಸ್ತಿನ ಮೇಲಿನ ಸೇರ್ಪಡೆಯಾಗಿಯೇ ಬರೆಯಲ್ಪಟ್ಟಿತು. ತಳದಲ್ಲಿ ಮೂಲ ಅಂಕಿ ಕಾಣುತ್ತಿತ್ತು. 1763ರಲ್ಲಿ ಹೈದರ್ ಬಿದನೂರನ್ನು ರಾಣಿ ವೀರಮ್ಮಾಜಿಯಿಂದ ಗೆದ್ದು, ತನ್ನ ಏಳಿಗೆಗೆಲ್ಲ ಈ ಗೆಲುವೇ ಅಡಿಪಾಯ ಎಂದು ಹೇಳಿಕೊಳ್ಳುತ್ತಿದ್ದ. ಅವನು ಮತ್ತು ಟಿಪ್ಪು ಹೇರಿದ ಹೆಚ್ಚುವರಿಗೆ ಕರಾವಳಿಯಲ್ಲಿ ಶಾಮಿಲು ಎಂದು ಹೆಸರು. ಶಿಸ್ತು ಒಂದು ಕಡೆ, ಶಾಮಿಲು ಇನ್ನೊಂದು ಕಡೆ, ಎರಡು ಕಲಮು. 1799ರಲ್ಲಿ ಕನ್ನಡ ಜಿಲ್ಲೆಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹಳೆಯ ಲೆಕ್ಕಗಳನ್ನು ತರಿಸಿ ನೋಡಿದಾಗ, ಇಲ್ಲಿ ಭೂಮಿ ಅದನ್ನು ಹಿಡಿದ ರೈತನ ಸ್ವಂತ ಆಸ್ತಿ, ಅದನ್ನು ಮಾರುತ್ತಾರೆ, ಅಡವಿಡುತ್ತಾರೆ, ಕಂದಾಯ ಹಿಂದೆ ನಿಗದಿಯಾಗಿತ್ತು, ಭಾರ ಹೆಚ್ಚಿದ್ದು ಇತ್ತೀಚೆಗೆ ಎಂಬ ತೀರ್ಮಾನಕ್ಕೆ ಬಂದ. ಹಳೆಯ ಅಂಕಿ ಕಾಣುವಂತಿದ್ದುದರಿಂದಲೇ ಹೊಸದು ಎಷ್ಟು ಅನ್ಯಾಯ ಎಂದು ಹೇಳಲು ರೈತನಿಗೂ ಬಾಯಿತ್ತು. ನಿಗದಿಯ ದೊಡ್ಡ ಉಪಯೋಗ ಇದು: ಕಾಲ ಕೆಟ್ಟಾಗ ವಾದಿಸಲು ಒಂದು ಆಧಾರ.

ಆ ವಾದ 1830ರಲ್ಲಿ ಬೀದಿಗೆ ಬಂತು. ಕೆಳದಿಯ ಹಳೆಯ ಸೀಮೆ ಆಗ ಮೈಸೂರಿನ ನಗರ ಫೌಜುದಾರಿ. ಮುಮ್ಮಡಿ ಕೃಷ್ಣರಾಜ ಒಡೆಯರ ಸರ್ಕಾರ ಶರ್ತಿ ಎಂಬ ಪದ್ಧತಿ ಹಿಡಿದಿತ್ತು. ಇಷ್ಟು ಹಣ ಕಟ್ಟುತ್ತೇನೆಂದು ಅಮಲ್ದಾರ ಕರಾರು ಬರೆದುಕೊಡಬೇಕು, ಆಮೇಲೆ ಅವನು ಅದನ್ನು ಹೇಗೆ ವಸೂಲು ಮಾಡುತ್ತಾನೆಂದು ಕೇಳುವವರಿಲ್ಲ. ಶಿಸ್ತನ್ನು ಬಲ್ಲ ನೆಲಕ್ಕೆ ಇದಕ್ಕಿಂತ ವಿರುದ್ಧವಾದದ್ದು ಇನ್ನೊಂದಿಲ್ಲ. ರೈತರು ಕೂಟ ಕಟ್ಟಿದರು. ಹೊಲ ಬಿಟ್ಟು ಒಂದೆಡೆ ಸೇರುವುದು, ಕಂದಾಯ ಕೊಡದೆ ಇರುವುದು, ಮಾತಾಡಲು ಮೇಲಿನವರೇ ಬರಲಿ ಎಂದು ಕಾಯುವುದು, ಇದು ಕೂಟದ ಕ್ರಮ. ಸರಿಸುಮಾರು ಅದೇ ಹೊತ್ತಿಗೆ ಕಂಪನಿಯ ಕೈಯಲ್ಲಿದ್ದ ಕರಾವಳಿಯಲ್ಲೂ ಕೂಟಗಳು ಎದ್ದವು. ನಗರದಲ್ಲಿ ಬೂದಿ ಬಸವಪ್ಪನೆಂಬವನು ತಾನು ಕೆಳದಿಯ ವಂಶದವನೆಂದು ಹೇಳಿಕೊಂಡು ಮುಂದೆ ನಿಂತ. ಅವನು ನಿಜವಾಗಿ ಯಾರು ಎಂಬುದು ನನಗೆ ಅಷ್ಟು ಮುಖ್ಯವಲ್ಲ. ರಾಜವಂಶ ಅಳಿದು ಅರುವತ್ತೇಳು ವರ್ಷಗಳಾದ ಮೇಲೂ ಕೆಳದಿ ಎಂಬ ಹೆಸರಿಗೆ ರೈತರನ್ನು ಸೇರಿಸುವ ಶಕ್ತಿ ಇತ್ತು. ಆ ಶಕ್ತಿಯಲ್ಲಿ ಒಂದು ಪಾಲಾದರೂ ಆ ಹನ್ನೆರಡು ವರ್ಷದ ಗದ್ದೆ ಲೆಕ್ಕದಿಂದ ಬಂದದ್ದು ಎಂದು ನಾನು ನಂಬುತ್ತೇನೆ.

ದಂಗೆಯನ್ನು ನೆಪ ಮಾಡಿಕೊಂಡು ಕಂಪನಿ 1831ರಲ್ಲಿ ಮೈಸೂರಿನ ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. ಅವರು ಹಳೆಯ ಲೆಕ್ಕಗಳನ್ನು ಬಿಚ್ಚಿದಾಗ ರಾಜ್ಯದ ಉದ್ದಗಲಕ್ಕೂ ಶತಮಾನಗಳಿಂದ ಒಂದರ ಮೇಲೊಂದು ಕೂತಿದ್ದ ಸಣ್ಣ ತೆರಿಗೆಗಳು ಹೊರಬಿದ್ದವು. ಅವರು ರದ್ದು ಮಾಡಿದ ಬಾಬುಗಳ ಸಂಖ್ಯೆ 769. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ತೆರಿಗೆ. ಒಂದು ಊರಿನವರು ಯಾವುದೋ ಕಾಲದಲ್ಲಿ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲ ಎಂಬ ಕಾರಣಕ್ಕೆ ವರ್ಷ ವರ್ಷವೂ ತೆರಿಗೆ ಕಟ್ಟುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದು ಹೋದವನು ಹಣ ತೆರಬೇಕಿತ್ತು. ಶಿವಪ್ಪನಾಯಕನ ನೆಲವೂ ಇದರಿಂದ ಹೊರತಾಗಿರಲಿಲ್ಲ. ಈ ಒಂದೊಂದು ಬಾಬೂ ಸರ್ಕಾರದ ಲೆಕ್ಕಪುಸ್ತಕದಲ್ಲಿ ರಾಜ್ಯದ ಉತ್ಪನ್ನವೆಂದು ಕ್ರಮವಾಗಿ ದಾಖಲಾಗಿತ್ತು.